ಪಶ್ಮೀನಾ ಶಾಲಿಗೆ ಹುಳ ಹೊಡೆದಿದೆ, ಉಳಿದ ಉಣ್ಣೆ ಬಟ್ಟೆ ಉಳಿಸಿಕೊಳ್ಳುವುದು ಹೇಗೆ?

ಮೈಸೂರಿನವಳು:
ಎಲ್ಲರಿಗೂ ನಮಸ್ಕಾರ. ಅಮ್ಮ ಶ್ರೀನಗರದಿಂದ ತಂದಿದ್ದ ಪಶ್ಮೀನಾ ಶಾಲನ್ನು ಬೀರುವಿನಿಂದ ತೆಗೆದರೆ ಮಡಿಕೆ ಉದ್ದಕ್ಕೂ ಸಣ್ಣ ಸಣ್ಣ ತೂತು. ಬಿಳಿ ಬಲೆ ತರಹದ್ದು ಅಂಟಿಕೊಂಡಿದೆ, ಕೊಡವಿದರೆ ಮರಳಿನಂಥ ಪುಡಿ ಉದುರುತ್ತದೆ. ಪಕ್ಕದಲ್ಲಿದ್ದ ಕಾಟನ್ ಸೀರೆಗಳಿಗೆ ಏನೂ ಆಗಿಲ್ಲ. ನುಸಿ ಗುಳಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಮನೆಯಲ್ಲಿ ಪುಟ್ಟ ಮಗು ಇದೆ. ಮಾವನವರ ಕಂಬಳಿ, ಸ್ವೆಟರ್ ಎಲ್ಲಾ ಅದೇ ಬೀರುವಿನಲ್ಲಿವೆ. ಬೇವಿನ ಸೊಪ್ಪು ಇಟ್ಟರೆ ಸಾಕಾ? ತುಂಬಾ ಬೇಜಾರಾಗಿದೆ, ದಯವಿಟ್ಟು ಹೇಳಿ.

ನೂಲು_ಸೂಜಿ:
ಮೇಡಂ, ಬಲೆ ಕಂಡಿದೆ ಅಂದರೆ ಅದು ಬಟ್ಟೆ ನುಸಿಯೇ. ಹಾರಾಡುವ ಆ ಬಂಗಾರ ಬಣ್ಣದ ಚಿಕ್ಕ ಪತಂಗ ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು. ಉಣ್ಣೆ, ಕೂದಲು, ಗರಿಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಅದರ ಊಟ, ಕಾಟನ್‌ನಲ್ಲಿ ಅದು ಇಲ್ಲ. ಬರೀ ಉಣ್ಣೆಗಿಂತ ಬೆವರು, ಎಣ್ಣೆ, ಸಾರಿನ ಕಲೆ ಇರುವ ಉಣ್ಣೆ ಅದಕ್ಕೆ ಇನ್ನೂ ಇಷ್ಟ. ಒಂದೇ ಸಲ ಹೊದ್ದು ಹಾಗೇ ಮಡಚಿಟ್ಟ ಶಾಲಿಗೆ ಹುಳ ಬೀಳುವುದು ಅದಕ್ಕೇ.

ಬೀರು ಪೂರ್ತಿ ಖಾಲಿ ಮಾಡಿ. ಪ್ರತಿ ಉಣ್ಣೆ ಬಟ್ಟೆಯನ್ನೂ ಹೊರಗೆ ಕೊಡವಿ, ಹೊಲಿಗೆ, ಕಾಲರ್, ಜೇಬಿನ ಒಳಗೆ ಮೆತ್ತಗೆ ಬ್ರಷ್ ಮಾಡಿ, ಮೊಟ್ಟೆ ಅಲ್ಲೇ ಕೂತಿರುತ್ತದೆ. ಬೀರುವಿನ ಮೂಲೆ, ಸಂದಿಗಳಿಗೆ ವ್ಯಾಕ್ಯೂಮ್ ಹಾಕಿ, ಆ ಕಸವನ್ನು ಆಗಲೇ ಮನೆಯಿಂದ ಆಚೆ ಹಾಕಿ. ಆಮೇಲೆ ಶಾಲು, ಸ್ವೆಟರ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ 2 ವಾರ ಇಡಿ. ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಒಂದೇ ಬಾಗಿಲಿನ ಹಳೆಯ ಫ್ರಿಜ್‌ನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗದೇ ಇರಬಹುದು, ನೋಡಿಕೊಳ್ಳಿ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ತಣ್ಣನೆ ಬಟ್ಟೆ ಮೇಲೆ ನೀರು ಕೂರುತ್ತದೆ.

ಧಾರವಾಡ_ಪೇಟೆ:
ನಮ್ಮ ಮನ್ಯಾಗ ಒಣಗಿಸಿದ ಬೇವಿನ ಎಲೆ, ಬಜೆ ಬೇರು, ಲಾವಂಚ ಬಿಟ್ಟು ಬೇರೆ ಏನೂ ಹಾಕಂಗಿಲ್ಲ. ಅಜ್ಜಿ ಕಾಲದಿಂದ ಹಂಗ ನಡ್ಕೊಂಡು ಬಂದದ. ಟ್ರಂಕಿನಾಗ ಇಟ್ಟ ಕಂಬಳಿ ಇವತ್ತಿಗೂ ಗಟ್ಟಿ ಅದಾವ. ಗುಳಿಗೆ ಯಾಕ ಬೇಕ್ರಿ?

ನೂಲು_ಸೂಜಿ:
ಸರ್, ಆ ಕಂಬಳಿ ಉಳಿದಿದ್ದು ವರ್ಷಕ್ಕೊಮ್ಮೆಯಾದರೂ ಅಜ್ಜಿ ಅವನ್ನು ಬಿಸಿಲಿಗೆ ಹಾಕಿ ಬಡಿದಿದ್ದರಿಂದಲೂ ಇರಬಹುದು, ಅಲ್ವಾ? ವಾಸನೆ ಪತಂಗವನ್ನು ಸ್ವಲ್ಪ ದೂರ ಇಡಬಹುದು, ಆದರೆ ಆಗಲೇ ಒಳಗೆ ಸೇರಿದ ಹುಳುವನ್ನು ಅದು ಕೊಲ್ಲುತ್ತದೆ ಅಂತ ನಂಬಿ ಕೂರಬಾರದು. ದೇವದಾರು ಮರದ ತುಂಡು, ಲ್ಯಾವೆಂಡರ್ ಚೀಲದ ಕಥೆಯೂ ಅಷ್ಟೇ. ಸ್ವಚ್ಛ ಮಾಡಿದ ಮೇಲೆ ಬೇಕಾದರೆ ಇಡಿ, ಎಲೆ ನೇರವಾಗಿ ಬಟ್ಟೆಗೆ ತಾಗದ ಹಾಗೆ ತೆಳು ಚೀಲದಲ್ಲಿ ಕಟ್ಟಿ.

ಗುಳಿಗೆ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆಯೇ. ಗುಳಿಗೆಯಲ್ಲಿರುವ ನಾಫ್ತಲೀನ್ ರಾಸಾಯನಿಕದ ಆವಿ ಕೆಲವು ಮಕ್ಕಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಕೆಂಪು ಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೂಸಿಗೆ ಕಾಮಾಲೆ ಬಂದು ಜೀವಕ್ಕೇ ಅಪಾಯ ಆಗಬಹುದು. ಗುಳಿಗೆ ಜೊತೆ ಇಟ್ಟಿದ್ದ ಕಂಬಳಿಯನ್ನು ಹಾಗೇ ತೆಗೆದು ಮಗುವಿಗೆ ಹೊದಿಸಲೇಬಾರದು. ಇನ್ನೊಂದು ವಿಷಯ, ಆ ಆವಿ ಗಾಳಿ ಆಡದ ಡಬ್ಬಿಯಲ್ಲಿ ತುಂಬಿಕೊಂಡರೆ ಮಾತ್ರ ಹುಳು ಸಾಯುವುದು. ಬೀರುವಿನಲ್ಲಿ ಎರಡು ಗುಳಿಗೆ ಎಸೆದರೆ ಸುಮ್ನೆ ಮನೆಯವರು ಅದನ್ನು ಉಸಿರಾಡಿದ ಹಾಗಾಯಿತು.

ಲಂಡನ್_ಕನ್ನಡತಿ:
ಯುರೋಪಿನಲ್ಲಿ ನಾಫ್ತಲೀನ್ ಗುಳಿಗೆಯನ್ನು 2008ರಲ್ಲೇ ನಿಲ್ಲಿಸಿದರು. ಇಲ್ಲಿ ಚಳಿಗಾಲದಲ್ಲೂ ಮನೆ ಬೆಚ್ಚಗಿರುತ್ತದಲ್ಲ, ನುಸಿ ವರ್ಷವಿಡೀ ಇರುತ್ತದೆ, ಕ್ಯಾಶ್ಮಿಯರ್ ಉಣ್ಣೆಯ ಸ್ವೆಟರ್ ಇಟ್ಟುಕೊಂಡವರಿಗೆಲ್ಲ ಇದೇ ಚಿಂತೆ. ಫೆರೊಮೋನ್, ಅಂದರೆ ಹೆಣ್ಣು ಪತಂಗದ ವಾಸನೆ, ಹಾಕಿದ ಅಂಟು ಕಾಗದ ಸಿಗುತ್ತದೆ. ಅದಕ್ಕೆ ಬೀಳುವುದು ಗಂಡು ಪತಂಗ ಮಾತ್ರ, ಹಾಗಾಗಿ ಕಾಟ ಇದೆಯೋ ಇಲ್ಲವೋ ಗೊತ್ತಾಗುತ್ತದೆ ಅಷ್ಟೇ, ಕಾಟ ನಿಲ್ಲುವುದಿಲ್ಲ. ಮಂಚದ ಕೆಳಗಿನ ಕಾರ್ಪೆಟ್, ಕಿಟಕಿ ಹತ್ತಿರದ ಪಾರಿವಾಳದ ಗೂಡು ಕೂಡ ನೋಡಿ ಅಕ್ಕ, ಹುಳು ಅಲ್ಲಿಂದಲೂ ಬರುತ್ತದೆ.

ಮೈಸೂರಿನವಳು:
ಪಾರಿವಾಳದ ಗೂಡು! ಬೀರುವಿನ ಹಿಂದಿನ ಕಿಟಕಿಯಲ್ಲೇ ಇದೆ. ತುಂಬಾ ಥ್ಯಾಂಕ್ಸ್. ಕಂಬಳಿ ಫ್ರೀಜರ್‌ನಲ್ಲಿ ಹಿಡಿಸುವುದಿಲ್ಲ, ಅದಕ್ಕೇನು ಮಾಡಲಿ? ಶಾಲಿಗೆ ರಫೂ ಮಾಡಿಸಬಹುದಾ?

ಚಳ್ಳಕೆರೆ_ಮಗ್ಗ:
ಕಂಬಳಿ ಯಾವುದು ಅಕ್ಕ, ನಮ್ಮ ಕಡೆಯ ಕರಿ ಕುರಿ ಉಣ್ಣೆಯದಾ? ಅದಕ್ಕೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ನೀರಲ್ಲಿ ನೆನೆಸಿದರೆ ಬಿಗುವು ಹೋಗುತ್ತದೆ. ಒಗೆಯಬೇಡಿ. ಒಳ್ಳೆ ಬಿಸಿಲಲ್ಲಿ ಎರಡೂ ಮಗ್ಗುಲು ಹರಡಿ, ಕೋಲಲ್ಲಿ ಬಡಿಯಿರಿ, ಬೆಳಕು ಕಂಡರೆ ಹುಳು ಓಡುತ್ತದೆ, ಬಡಿದಾಗ ಉದುರುತ್ತದೆ. ಒಂದು ವಾರ ಬಿಟ್ಟು ಮತ್ತೆ ಮಾಡಿ, ಉಳಿದ ಮೊಟ್ಟೆ ಅಷ್ಟರಲ್ಲಿ ಒಡೆದಿರಬಹುದು. ಮಡಚಿ ಒಳಗಿಡದೆ ದಿನಾ ಹೊದೆಯಿರಿ, ಅದಕ್ಕಿಂತ ಒಳ್ಳೆಯದು ಇಲ್ಲ.

ನೂಲು_ಸೂಜಿ:
ಕಂಬಳಿಗೆ ಅವರು ಹೇಳಿದ್ದೇ ಸರಿ. ಶಾಲನ್ನು ಮಾತ್ರ ಅಷ್ಟು ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ರಫೂ ಖಂಡಿತ ಮಾಡಿಸಬಹುದು, ಆದರೆ ಫ್ರೀಜರ್ ಕೆಲಸ ಮುಗಿದು, ಶಾಲು ಡ್ರೈಕ್ಲೀನ್ ಆದ ಮೇಲೆ ಕೊಡಿ. ಹುಳು ಇರುವ ಶಾಲು ರಫೂ ಅಂಗಡಿಗೆ ಹೋದರೆ ಅಲ್ಲಿರುವ ಬೇರೆಯವರ ಶಾಲಿಗೂ ಹತ್ತುತ್ತದೆ.