ಕಾರಿನ ಎಂಜಿನ್‌ಗೆ ಬೆಂಕಿ ಯಾಕೆ ಹತ್ತುತ್ತದೆ, ಏನೇನು ನೋಡಿಸಬೇಕು? (ಅನುಭವ ಹಂಚಿಕೆ)

ಪ್ರಶ್ನೆ, ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದು 2013ರ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಪೆಟ್ರೋಲ್ ವಾಸನೆ ಬರುತ್ತದೆ, ಎಂಜಿನ್ ಬಿಸಿಯಾದ ಮೇಲೆ ಇರುವುದಿಲ್ಲ. ಹಳೇ ಮಾಲೀಕರು ಜಾಸ್ತಿ ಬೆಳಕಿನ ಹೆಡ್‌ಲೈಟ್ ಬಲ್ಬು, ಜೋರು ಹಾರ್ನು, ಆಂಪ್ಲಿಫೈಯರ್ ಎಲ್ಲ ಹೊರಗಡೆ ಹಾಕಿಸಿದ್ದಾರೆ. ಗ್ಯಾರೇಜಿನವರು "ಹಳೇ ಗಾಡಿ, ಹೀಗೇ ಇರುತ್ತೆ ಬಿಡಿ" ಅಂದರು. ಹೈವೇಯಲ್ಲಿ ಕಾರು ಧಗಧಗ ಉರಿಯುವ ವಿಡಿಯೊ ನೋಡಿದ ಮೇಲೆ ನಮ್ಮ ಮನೆಯವರು ಈ ಕಾರು ಹತ್ತಲು ಹೆದರುತ್ತಿದ್ದಾರೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಬಿಸಿಲಿಗೇ ಬೆಂಕಿ ಹತ್ತುತ್ತಾ? ಏನು ನೋಡಿಸಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ:

ಸರ್, ಬಿಸಿಲಿನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಬಿಸಿಲಿಗೆ ಕಾರು ತಾನಾಗಿ ಹತ್ತಿಕೊಳ್ಳುವುದಿಲ್ಲ. ಕಿಡಿ ಇಲ್ಲದೆ ಪೆಟ್ರೋಲ್ ಉರಿಯಬೇಕಾದರೆ ಸುಮಾರು 250 ಡಿಗ್ರಿಗೂ ಮೇಲಿನ ಶಾಖ ಬೇಕು. ಆದರೆ ಕಿಡಿ ಸಿಕ್ಕರೆ ಪೆಟ್ರೋಲ್ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹತ್ತಿಕೊಳ್ಳುತ್ತದೆ. ಇನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್‌ನಿಂದ ಹೊಗೆ ಹೊರಗೆ ಬರುವ ಮೊದಲ ಪೈಪು, ಘಾಟಿ ಹತ್ತುವಾಗ 500 ಡಿಗ್ರಿ ದಾಟುವುದೂ ಉಂಟು. ಅಂದರೆ ಬಾನೆಟ್ ಕೆಳಗೆ ಕಿಡಿ, ಶಾಖ ಎರಡೂ ಯಾವಾಗಲೂ ಇರುತ್ತವೆ. ಅವುಗಳ ಹತ್ತಿರ ಪೆಟ್ರೋಲ್ ಆಗಲಿ ಆಯಿಲ್ ಆಗಲಿ ಸೋರದ ಹಾಗೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ನಿಮ್ಮ ಕಾರಿನ ಲಕ್ಷಣ ಕೇಳಿದರೆ ನನಗೆ ಅನುಮಾನ ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಬುಡದ ಓ-ರಿಂಗ್ ಅನ್ನುವ ರಬ್ಬರ್ ಬಳೆಯ ಮೇಲೆ, ಇಲ್ಲವೇ ಪೆಟ್ರೋಲ್ ಹೋಸ್ ಪೈಪಿನ ಮೇಲೆ. ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ. ತಣ್ಣಗಿದ್ದಾಗ ಕುಗ್ಗಿ ಸೋರುತ್ತದೆ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ಮಾತ್ರ ವಾಸನೆ. ಕೀ ತಿರುಗಿಸಿದ ಕೂಡಲೇ ಪಂಪು ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಇದು ಟೈರಿನ ಗಾಳಿಯ ಒತ್ತಡಕ್ಕಿಂತ ಜಾಸ್ತಿ. ಕೂದಲೆಳೆಯಷ್ಟು ಬಿರುಕು ಸಾಕು, ಪೆಟ್ರೋಲ್ ಸಣ್ಣಗೆ ಚಿಮ್ಮುತ್ತದೆ.

ಸಂಜೆ ಗಾಡಿ ಒಯ್ದು ತೋರಿಸಿದರೆ ಏನೂ ಕಾಣುವುದಿಲ್ಲ. ಮೆಕ್ಯಾನಿಕ್‌ನ್ನು ಬೆಳಿಗ್ಗೆಯೇ ಮನೆಗೆ ಕರೆಸಿ. ಎಂಜಿನ್ ತಣ್ಣಗಿರುವಾಗ, ಸ್ಟಾರ್ಟ್ ಮಾಡದೆ, ಬರೀ ಕೀ ಆನ್ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಪಂಪು ಗುಂಯ್ ಅನ್ನುವುದು ಕೇಳಿಸುತ್ತದೆ. ಆಗ ಟಾರ್ಚ್ ಹಿಡಿದು ಇಂಜೆಕ್ಟರ್ ಸಾಲು, ಪೈಪಿನ ಕೀಲು, ಕ್ಲಿಪ್ಪು ಒಂದೊಂದನ್ನೇ ನೋಡಲಿ. ಧೂಳಿನ ಮೇಲೆ ಒದ್ದೆ ಕಲೆ ಇದ್ದರೆ ಅದೇ ಜಾಗ. ಹೋಸನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತದೆ. ಬದಲಾಯಿಸುವಾಗ ಇಂಜೆಕ್ಷನ್ ಗಾಡಿಗೆಂದೇ ಬರುವ ಹೋಸ್ ಹಾಕಿಸಿ. ಅಳತೆ ಸರಿಯಾಯ್ತು ಅಂತ ಬೇರೆ ಯಾವುದೋ ರಬ್ಬರ್ ಪೈಪು ತುರುಕಲು ಬಿಡಬೇಡಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. 2013ರ ಗಾಡಿಗೆ ಆ ಮಾತು ನೇರವಾಗಿ ಅನ್ವಯಿಸುತ್ತದೆ.

ಇನ್ನು ವೈರಿಂಗ್. ಇದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಂಪನಿಯಿಂದ ಬರುವ ಹೆಡ್‌ಲೈಟ್ ಬಲ್ಬು ಸಾಮಾನ್ಯವಾಗಿ 55/60 ವಾಟ್. 12 ವೋಲ್ಟ್‌ಗೆ ಒಂದು ಬಲ್ಬು ಎಳೆಯುವುದು 5 ಆಂಪಿಯರ್. ಅದೇ ಜಾಗಕ್ಕೆ 90/100 ವಾಟ್ ಬಲ್ಬು ಹಾಕಿದರೆ 8 ಆಂಪಿಯರ್ ದಾಟುತ್ತದೆ. ವೈರು ಮಾತ್ರ ಅದೇ ಹಳೇದು, ಅದೇ ದಪ್ಪ. ಹೋಲ್ಡರ್ ಬಿಸಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ. ಫ್ಯೂಸ್ ಹೋಗುತ್ತದೆ. ಅದು ಗಾಡಿ ಕೊಡುವ ಎಚ್ಚರಿಕೆ. ಅಲ್ಲಿಗೇ ನಿಲ್ಲಿಸಬೇಕು. ಆದರೆ ಎಷ್ಟೋ ಜನ 15 ಆಂಪಿಯರ್ ಜಾಗಕ್ಕೆ 30 ಆಂಪಿಯರ್ ಫ್ಯೂಸ್ ಹಾಕುತ್ತಾರೆ. ನನ್ನ ಹತ್ತಿರ ಬಂದ ಒಂದು ಕಾರಿನಲ್ಲಿ ಸುಟ್ಟ ಫ್ಯೂಸಿಗೇ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಮತ್ತೆ ಕೂರಿಸಿದ್ದರು. ಆಂಪ್ಲಿಫೈಯರಿನ ದಪ್ಪ ಕೆಂಪು ವೈರನ್ನು ಬ್ಯಾಟರಿಯಿಂದ ನೇರ ಎಳೆದು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ತೂತು ಹೊಡೆದು ಒಳಗೆ ಬಿಟ್ಟಿದ್ದರು. ತೂತಿಗೆ ರಬ್ಬರ್ ಬುಷ್ ಹಾಕಿರಲಿಲ್ಲ. ಗಾಡಿ ಅಲುಗಾಡಿದಂತೆಲ್ಲ ತಗಡಿನ ಅಂಚು ವೈರಿನ ಸಿಪ್ಪೆ ಕೊಯ್ದು ತಾಮ್ರ ಹೊಳೆಯುತ್ತಿತ್ತು. ಆ ತಾಮ್ರ ತಗಡಿಗೆ ಮುಟ್ಟಿದ್ದರೆ ಬ್ಯಾಟರಿಯ ಅಷ್ಟೂ ಕರೆಂಟು ಅಲ್ಲೇ ಹರಿಯುತ್ತಿತ್ತು. ಮಧ್ಯೆ ಫ್ಯೂಸ್ ಇಲ್ಲವಲ್ಲ, ತಡೆಯುವವರು ಯಾರು?

ನಿಮ್ಮ ಗಾಡಿಯಲ್ಲೂ ಆಂಪ್ಲಿಫೈಯರ್ ಇದೆ ಅಂದಿರಿ. ಅದರ ಕೆಂಪು ವೈರಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ದೊಡ್ಡ ಬಲ್ಬು, ಹಾರ್ನಿಗೆ ರಿಲೇ (ಜಾಸ್ತಿ ಕರೆಂಟು ಹಳೇ ಸ್ವಿಚ್ಚಿನ ಮೂಲಕ ಹರಿಯದಂತೆ ನೋಡಿಕೊಳ್ಳುವ ಸಣ್ಣ ಪೆಟ್ಟಿಗೆ) ಮತ್ತು ಬೇರೆ ವೈರಿಂಗ್ ಇರಬೇಕು. ಇಲ್ಲದಿದ್ದರೆ ಕಂಪನಿ ಬಲ್ಬಿಗೇ ವಾಪಸ್ ಹೋಗಿ, ನನ್ನ ಪ್ರಕಾರ ಅದೇ ಒಳ್ಳೆಯದು. ಬ್ಯಾಟರಿ ಟರ್ಮಿನಲ್ ಕೈಯಲ್ಲಿ ಅಲುಗಾಡಿಸಿ ನೋಡಿ, ಸ್ವಲ್ಪವೂ ತಿರುಗಬಾರದು. ಮತ್ತೆ ಒಂದು ಮಾತು, ಆ ವಾಸನೆ ಎಲ್ಲಿಂದ ಅಂತ ಗೊತ್ತಾಗುವವರೆಗೂ ಗಾಡಿ ಓಡಿಸಬೇಡಿ.

ನಾಗಮಂಗಲದಿಂದ:

ಅಣ್ಣಾ, ನೀವು ತುಮಕೂರು ಕಡೆಯವರು, ಇದನ್ನು ನೋಡೇ ಇರುತ್ತೀರಿ. ಸುಗ್ಗಿ ಕಾಲದಲ್ಲಿ ಹುರುಳಿ, ರಾಗಿ ಎಲ್ಲ ರಸ್ತೆ ಮೇಲೆ ಹರಡಿ ಗಾಡಿಗಳ ಕೈಲೇ ಒಕ್ಕಣೆ ಮಾಡಿಸುತ್ತಾರೆ. ಅದರಲ್ಲೂ ಹುರುಳಿ ಸೊಪ್ಪು ಬಳ್ಳಿ ಬಳ್ಳಿಯಾಗಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಪೈಪಿಗೆ ಅಂಟಿ ಕೂರುತ್ತದೆ. ಒಣಗಿದ ಸೊಪ್ಪು, ಕಾದ ಪೈಪು. ಒಳಗೆ ಕೂತವರಿಗೆ ಗೊತ್ತಾಗುವಷ್ಟರಲ್ಲಿ ಹೊಗೆ ಬಂದಿರುತ್ತದೆ. ಇಂಥ ಕಡೆ ದಾಟಲೇಬೇಕಾಗಿ ಬಂದರೆ, ಆಚೆ ಹೋದ ತಕ್ಷಣ ಖಾಲಿ ಜಾಗದಲ್ಲಿ ನಿಲ್ಲಿಸಿ ಬಗ್ಗಿ ನೋಡಿ. ಸುತ್ತಿಕೊಂಡಿದ್ದರೆ ಎಂಜಿನ್ ಆಫ್ ಮಾಡಿ, ಕೋಲಿನಲ್ಲಿ ಎಳೆದು ತೆಗೆಯಿರಿ. ರೈತರ ಕಷ್ಟ ನನಗೂ ಗೊತ್ತು, ನಮ್ಮನೆಯೂ ಬೇಸಾಯದ್ದೇ, ಎಲ್ಲರಿಗೂ ಕಣ ಇರುವುದಿಲ್ಲ. ಆದರೂ ರಸ್ತೆ ಒಕ್ಕಣೆ ನಿಲ್ಲಬೇಕು.

ಹಾಗೇ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಬಿಎಸ್6 ಡೀಸೆಲ್ ಗಾಡಿ ಇರುವವರು ಇನ್ನೂ ಹುಷಾರು. ಅದರ ಹೊಗೆ ಪೈಪಿನಲ್ಲಿರುವ ಫಿಲ್ಟರು, ತಾನು ಹಿಡಿದಿಟ್ಟ ಮಸಿಯನ್ನು ತಾನೇ ಸುಟ್ಟುಕೊಳ್ಳುವಾಗ 600 ಡಿಗ್ರಿಯ ಹತ್ತಿರ ಹೋಗುತ್ತದೆ.

ಪುತ್ತೂರಿನಿಂದ:

ನಮ್ಮ ಕಡೆ ಇಲಿಯದ್ದೇ ಕಾಟ. ವೈರು ಕಡಿಯುವುದು ಒಂದು. ಎಂಜಿನ್ ಮೇಲೆ ತೆಂಗಿನ ನಾರು, ಬಟ್ಟೆ ಚೂರು ತಂದು ಗೂಡು ಕಟ್ಟುವುದು ಇನ್ನೂ ಅಪಾಯ. ಮಳೆಗಾಲದಲ್ಲಿ ಕಾರು ಸ್ವಲ್ಪ ದಿನ ಹಾಗೇ ನಿಂತಿದ್ದರೆ ಬಾನೆಟ್ ಎತ್ತಿ ನೋಡದೆ ಸ್ಟಾರ್ಟ್ ಮಾಡಲೇಬೇಡಿ.

ಶಿವಮೊಗ್ಗದಿಂದ, ಕಾರು ಸುಟ್ಟು ಹೋದ ಕುಟುಂಬ:

ನಮಗೆ ಆದದ್ದನ್ನು ಬರೆಯುತ್ತೇನೆ. ಸರ್ವಿಸ್‌ನಿಂದ ಗಾಡಿ ತಂದ ಮಾರನೇ ದಿನ ತೀರ್ಥಹಳ್ಳಿ ರಸ್ತೆಯಲ್ಲಿ ಹೋಗುತ್ತಿದ್ದೆವು. ಸುಟ್ಟ ಆಯಿಲ್ ವಾಸನೆ ಬಂತು. ನೋಡನೋಡುತ್ತಲೇ ವೈಪರ್ ಬುಡದಿಂದ ಬಿಳಿ ಹೊಗೆ. ನಮ್ಮವರು ತಕ್ಷಣ ಎಡಕ್ಕೆ ನಿಲ್ಲಿಸಿ ಕೀ ಆಫ್ ಮಾಡಿದರು. ನಾನು ಮಕ್ಕಳನ್ನು ಇಳಿಸಿ ದೂರ ಓಡಿದೆ. ಬ್ಯಾಗು, ಪರ್ಸು ಯಾವುದಕ್ಕೂ ಕೈ ಹಾಕಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯವರು ಓಡಿಬಂದು, ನಮ್ಮವರು ಬಾನೆಟ್ ಎತ್ತಲು ಹೋಗುತ್ತಿದ್ದುದನ್ನು ಕೈ ಹಿಡಿದು ತಡೆದರು. "ಎತ್ತಬೇಡಿ ಸಾರ್, ಗಾಳಿ ಸಿಕ್ಕರೆ ಮುಖಕ್ಕೇ ಹೊಡೆಯುತ್ತೆ" ಅಂದರು. ಬಾನೆಟ್ ಸಂದಿಯಿಂದ, ಚಕ್ರದ ಪಕ್ಕದಿಂದ ಬೆಂಕಿ ನಂದಿಸುವ ಸಿಲಿಂಡರಿನ ಪುಡಿ ಹೊಡೆದರು. ಹತೋಟಿಗೆ ಬರಲಿಲ್ಲ. ಅಗ್ನಿಶಾಮಕದವರು ಬಂದಾಗ ಮುಂಭಾಗ ಪೂರ್ತಿ ಹೋಗಿತ್ತು. ನಮಗೆ ಯಾರಿಗೂ ಏನೂ ಆಗಲಿಲ್ಲ, ಅಷ್ಟು ಸಾಕು.

ಆಮೇಲೆ ಇನ್ಶೂರೆನ್ಸ್ ಕಡೆಯ ಸರ್ವೇಯರ್ ತೋರಿಸಿದ್ದು: ಆಯಿಲ್ ಫಿಲ್ಟರ್ ಸರಿಯಾಗಿ ಬಿಗಿದಿರಲಿಲ್ಲ. ಆಯಿಲ್ ಚಿಮ್ಮಿ ಎಕ್ಸಾಸ್ಟ್ ಮೇಲೆ ಬಿದ್ದಿತ್ತು. ಹಾಗಾಗಿ ಸರ್ವಿಸ್ ಆದ ದಿನ ಮನೆಗೆ ಬಂದು ಬಾನೆಟ್ ಎತ್ತಿ ನೋಡಿ. ಆಯಿಲ್ ಹಾಕುವ ಮುಚ್ಚಳ ಇದೆಯಾ, ಒರೆಸುವ ಬಟ್ಟೆ ಒಳಗೆ ಬಿಟ್ಟಿದ್ದಾರಾ, ಕೆಳಗೆ ನೆಲದ ಮೇಲೆ ಹನಿ ಬಿದ್ದಿದೆಯಾ. ಎರಡು ನಿಮಿಷದ ಕೆಲಸ. ಎಂಜಿನ್ ತೊಳೆಯುವಾಗ ಡೀಸೆಲ್ ಸ್ಪ್ರೇ ಮಾಡುವವರಿದ್ದಾರೆ, ಬೇಡ ಅಂತ ಖಡಾಖಂಡಿತವಾಗಿ ಹೇಳಿ.

ಇನ್ಶೂರೆನ್ಸ್ ವಿಷಯವೂ ಮುಖ್ಯ. ನಮ್ಮದು ಫುಲ್ ಪಾಲಿಸಿ, ಬೆಂಕಿಗೆ ಪರಿಹಾರ ಸಿಕ್ಕಿತು. ಬರೀ ಥರ್ಡ್ ಪಾರ್ಟಿ ಇದ್ದಿದ್ದರೆ ನಮ್ಮ ಕಾರಿಗೆ ಒಂದು ರೂಪಾಯಿ ಬರುತ್ತಿರಲಿಲ್ಲ. ಅಗ್ನಿಶಾಮಕ ಇಲಾಖೆಯ ವರದಿ, ಪೊಲೀಸ್ ದೂರಿನ ಪ್ರತಿ ಕೇಳಿದರು. ಹೊರಗೆ ಹಾಕಿಸಿದ ವೈರಿಂಗ್ ಏನಾದರೂ ಇದೆಯಾ ಅಂತ ತುಂಬಾ ಕೆದಕಿದರು. ಸರ್, ನಿಮ್ಮ ಗಾಡಿಗೆ ಇದು ತೊಂದರೆ ಕೊಡಬಹುದು, ಈಗಲೇ ಸರಿಮಾಡಿಸಿ.

ಬೆಂಗಳೂರಿನಿಂದ:

ಮಾಲೀಕರ ಕೈಯಲ್ಲಿ ಇಲ್ಲದ ದೋಷಗಳೂ ಇರುತ್ತವೆ, ಅಲ್ವಾ? 2010ರಲ್ಲಿ ಟಾಟಾ ನ್ಯಾನೊ ಕಾರುಗಳಿಗೆ ಬೆಂಕಿ ಹತ್ತಿದ ಮೇಲೆ ಕಂಪನಿ ಎಕ್ಸಾಸ್ಟ್ ಮತ್ತು ವೈರಿಂಗ್‌ಗೆ ಹೆಚ್ಚಿನ ರಕ್ಷಣೆಯನ್ನು ಉಚಿತವಾಗಿ ಹಾಕಿಕೊಟ್ಟಿತು. ಅಮೆರಿಕದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಹ್ಯುಂಡೈ, ಕಿಯಾ ಸೇರಿ 30 ಲಕ್ಷಕ್ಕೂ ಜಾಸ್ತಿ ಕಾರುಗಳನ್ನು ವಾಪಸ್ ಕರೆದವು. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದಲ್ಲಿ ಶಾರ್ಟ್ ಆಗಿ, ಆಫ್ ಮಾಡಿ ನಿಲ್ಲಿಸಿದ ಗಾಡಿಗೂ ಬೆಂಕಿ ಹತ್ತಬಹುದು, ಮನೆಯಿಂದ ದೂರ ನಿಲ್ಲಿಸಿ ಅಂತಲೇ ಹೇಳಿದ್ದರು. ಸೆಕೆಂಡ್ ಹ್ಯಾಂಡ್ ಗಾಡಿಗೆ ಹೀಗೆ ವಾಪಸ್ ಕರೆಯುವ ರಿಕಾಲ್ ಪತ್ರ ಹಳೇ ಮಾಲೀಕರ ಮನೆಗೆ ಹೋಗಿರುತ್ತದೆ. ನಿಮ್ಮ ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲಿ ಒಮ್ಮೆ ವಿಚಾರಿಸಿ.

ಟ್ಯಾಕ್ಸಿ ಚಾಲಕ, ಸಕಲೇಶಪುರ:

ಘಾಟಿ ಇಳಿಯುವಾಗ ಎಂಜಿನ್‌ಗೆ ಭಾರ ಇಲ್ಲ, ಬ್ರೇಕ್‌ಗೆ ಭಾರ. ಎರಡನೇ ಗೇರಿನಲ್ಲಿ ಇಳಿಯಿರಿ. ವಾಪಸ್ ಹತ್ತುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಮೇಲೇರಿದರೆ ಏಸಿ ಆಫ್ ಮಾಡಿ ಪಕ್ಕಕ್ಕೆ ಹಾಕಿ. ಎಂಜಿನ್ ತಂಪಾಗಿಡುವ ಕೂಲಂಟ್ ದ್ರವ ಕುದಿದು ಹೊರಗೆ ಚೆಲ್ಲಿದರೆ, ಅದು ಕೂಡ ನೀರಿನಂಶ ಆರಿದ ಮೇಲೆ ಉರಿಯುವಂಥದ್ದೇ.

ಪ್ರಶ್ನೆ ಕೇಳಿದವರು, ತುಮಕೂರು:

ದಾವಣಗೆರೆ ಸರ್ ಹೇಳಿದ ಹಾಗೇ ಬೆಳಿಗ್ಗೆ ಮೆಕ್ಯಾನಿಕ್ ಕರೆಸಿದೆ. ಎರಡು ಇಂಜೆಕ್ಟರ್ ಬುಡದಲ್ಲಿ ಒದ್ದೆ ಇತ್ತು. ನಾಲ್ಕೂ ಓ-ರಿಂಗ್, ಹೋಸ್ ಬದಲಾಯಿಸಿದರು. ಆಂಪ್ಲಿಫೈಯರ್ ವೈರಿಗೆ ಫ್ಯೂಸ್ ಇರಲೇ ಇಲ್ಲ. ಸದ್ಯಕ್ಕೆ ಬ್ಯಾಟರಿಯಿಂದ ಕಳಚಿಸಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಂಕಿ ನಂದಿಸುವ ಸಿಲಿಂಡರ್ ಯಾವುದು ತಗೊಳ್ಳಲಿ?

ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ:

ಒಳ್ಳೇ ಕೆಲಸ ಮಾಡಿದಿರಿ ಸರ್. ಎಬಿಸಿ ಪುಡಿಯ (ಬಟ್ಟೆ-ರಬ್ಬರ್, ಪೆಟ್ರೋಲ್, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವ) 1 ಕೆಜಿ ಸಿಲಿಂಡರ್, ಐಎಸ್‌ಐ ಮಾರ್ಕ್ ಇರುವುದು ತಗೊಳ್ಳಿ. ಡಿಕ್ಕಿಯಲ್ಲಿ ಇಡಬೇಡಿ, ಮುಂದಿನ ಸೀಟಿನ ಕೆಳಗೆ ಅಲುಗಾಡದ ಹಾಗೆ ಕಟ್ಟಿಸಿ. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯಾ ಅಂತ ಆಗಾಗ ನೋಡಿ. ಹತ್ತು ಸೆಕೆಂಡಿಗೆಲ್ಲ ಖಾಲಿಯಾಗುತ್ತದೆ, ಆಗಷ್ಟೇ ಹತ್ತಿದ ಸಣ್ಣ ಬೆಂಕಿಗೆ ಮಾತ್ರ ಅದು. ಬಾನೆಟ್ ಸಂದಿಯಿಂದ ಜ್ವಾಲೆ ಹೊರಗೆ ಕಾಣಿಸಿದರೆ ಸಿಲಿಂಡರ್ ಯೋಚನೆ ಬಿಟ್ಟು ಎಲ್ಲರನ್ನೂ ಕರೆದುಕೊಂಡು ದೂರ ಹೋಗಿ, 112ಕ್ಕೆ ಇಲ್ಲವೇ 101ಕ್ಕೆ ಫೋನ್ ಮಾಡಿ.