ವೋರ್ಫ್ ಕೇಳಿದ್ದು ತಪ್ಪಾ?

ಮಡಿಕೇರಿಯವಳು: ಮೂರು ದಿನದಿಂದ ಬಿಡದ ಮಳೆ, ಹೊರಗೆ ಕಾಲಿಡಲಾಗದೆ ಬಾಹ್ಯಾಕಾಶದ ಕಥೆಯ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್‌ನ 1992ರ ಕಂತು 'ಎಥಿಕ್ಸ್' ನೋಡಿದೆ. ಬೆನ್ನುಮೂಳೆಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡ ವೋರ್ಫ್, ಸಾಯಲು ಸಹಾಯ ಮಾಡು ಎಂದು ಗೆಳೆಯ ರೈಕರ್‌ನನ್ನು ಕೇಳುತ್ತಾನೆ. ನಿಮಗೆ ಸರಿ ಅನಿಸಿತಾ?

ವಿರಾಜಪೇಟೆ ಓದುಗ: ಇಲ್ಲ. ಅವನು ಸಾಯುವ ಹಂತದಲ್ಲಿರಲಿಲ್ಲ. ನನಗೆ ಜಾಸ್ತಿ ಸಿಟ್ಟು ಬಂದದ್ದು ಅವನ ಚಿಕಿತ್ಸೆಗೆ ಬಂದ ಡಾಕ್ಟರ್ ರಸೆಲ್ ಮೇಲೆ. ಯಾರ ಮೇಲೂ ಪರೀಕ್ಷಿಸದ ಚಿಕಿತ್ಸೆಯನ್ನು ಹತಾಶನಾದವನ ಮುಂದೆ ಇಡುವುದು ನ್ಯಾಯವಾ?

ತೋಟದ ಮನೆ, ಸೋಮವಾರಪೇಟೆ: ನಮ್ಮ ತಾತ ವೆಂಟಿಲೇಟರ್ ಬೇಡ, ಕಾಫಿ ತೋಟ ಕಾಣುವ ಕೋಣೆ ಸಾಕು ಅಂದಿದ್ದರು. ಬರೆದಿಡಲಿಲ್ಲ, ಕೊನೆಗೆ ನಾವೆಲ್ಲ ಒದ್ದಾಡಿದೆವು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಇಂಥ ಉಯಿಲನ್ನು (ಲಿವಿಂಗ್ ವಿಲ್) 2018ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. 2023ರಿಂದ ಇಬ್ಬರು ಸಾಕ್ಷಿ, ನೋಟರಿ ಸಹಿ ಇದ್ದರೆ ಆಯಿತು.

ಮಡಿಕೇರಿಯವಳು: ತಾತ ಕೇಳಿದ್ದೇ ಬೇರೆ, ವೋರ್ಫ್ ಕೇಳಿದ್ದೇ ಬೇರೆ, ಅಲ್ವಾ. ಅಮ್ಮನ ಹತ್ತಿರ ಇವತ್ತೇ ಮಾತಾಡುತ್ತೇನೆ.