ಅಪ್‌ಡೇಟ್: ಸರ್ವರ್ ತಾನಾಗಿಯೇ ರೀಬೂಟ್ ಆಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು
ಲೋಡ್ ಏರಿದಾಗಲೆಲ್ಲ ಸರ್ವರ್ ರೀಬೂಟ್ ಆಗುತ್ತಿದೆ, ಪವರ್ ಸಪ್ಲೈ ಕೆಟ್ಟಿದೆಯೇ ಎಂದು ಕೇಳಿದ್ದೆನಲ್ಲ, ಅದರದ್ದೇನೂ ತಪ್ಪಿರಲಿಲ್ಲ. (ಹೊಸದು ಹಾಕಿಯೂ ಆಗಿತ್ತು, ಇರಲಿ.) ನಿಮ್ಮಲ್ಲೊಬ್ಬರು ಹೇಳಿದಂತೆ ಐಪಿಎಂಐ (ಸರ್ವರ್ ಹಾರ್ಡ್‌ವೇರ್ ಮೇಲೆ ಕಣ್ಣಿಡುವ ವ್ಯವಸ್ಥೆ) ಈವೆಂಟ್ ಲಾಗ್ ತೆಗೆದು ನೋಡಿದೆ. ಒಂದೇ ರ್‍ಯಾಮ್ ಸ್ಲಾಟ್ ಹೆಸರಲ್ಲಿ ಸಾಲುಸಾಲು ಇಸಿಸಿ ದೋಷ, ಅಂದರೆ ಮೆಮೊರಿಯ ಡೇಟಾದಲ್ಲಿ ಪತ್ತೆಯಾದ ತಪ್ಪು! ತಾನೇ ತಿದ್ದಿಕೊಂಡವು ನೂರಾರು, ಕೊನೆಗೆ ತಿದ್ದಲಾಗದ್ದೊಂದು, ಅಲ್ಲಿಗೆ ರೀಬೂಟ್.

ರ್‍ಯಾಮ್ ಸ್ಟಿಕ್ಕೇ ಹೋಗಿದೆ ಅಂದುಕೊಂಡು ಪಕ್ಕದ್ದರ ಜೊತೆ ಅದಲುಬದಲು ಮಾಡಿದೆ. ದೋಷ ಸ್ಟಿಕ್ ಹಿಂದೆ ಹೋಗಲಿಲ್ಲ, ಅದೇ ಸ್ಲಾಟ್‌ನಲ್ಲಿ ಉಳಿಯಿತು. ಅಂದರೆ ಸ್ಟಿಕ್‌ನದ್ದಲ್ಲ ತಪ್ಪು. ರ್‍ಯಾಮ್ ನಿಭಾಯಿಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ ತಾನೆ, ಅದನ್ನೂ ಬಿಚ್ಚಿ ಟಾರ್ಚ್ ಹಿಡಿದರೆ ಅದು ಕೂರುವ ಸಾಕೆಟ್‌ನ ಒಂದು ಪಿನ್ ಓರೆಯಾಗಿತ್ತು. ಸೂಜಿ ಹಿಡಿದು ನೆಟ್ಟಗೆ ಮಾಡುವ ಧೈರ್ಯ ಬರಲಿಲ್ಲ, ಬೋರ್ಡನ್ನೇ ಬದಲಿಸಿದೆ. 9 ದಿನದಿಂದ ಫುಲ್ ಲೋಡ್‌ನಲ್ಲಿದೆ, ಲಾಗ್ ಖಾಲಿ.